ವೇಸ್ಟ್‌ಗೇಟ್ ಸ್ಪ್ರಿಂಗ್ ಬದಲಿಸುವ ಮುನ್ನ: ಯಾವ ಬಿಗಿ, ಯಾವ ದಾರಿ?

ಟರ್ಬೋ ಕಾರಿನ ಬೂಸ್ಟ್, ಅಂದರೆ ಟರ್ಬೋ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ, ಏರಿಸಲು ಹೊರಟವರು ಮೊದಲು ಕೇಳುವುದು ಆ ಒತ್ತಡಕ್ಕೆ ಮಿತಿ ಹಾಕುವ ವೇಸ್ಟ್‌ಗೇಟ್ ಕವಾಟಕ್ಕೆ ಎಷ್ಟು ಬಾರ್‌ನ (ಬಾರ್ ಎಂಬುದು ಒತ್ತಡದ ಅಳತೆ) ಸ್ಪ್ರಿಂಗ್ ಹಾಕಬೇಕು ಎಂದು. ಒಂದು ಬಾರ್ ಬೂಸ್ಟ್ ಬೇಕಾದವರು ಒಂದು ಬಾರ್‌ನ ಸ್ಪ್ರಿಂಗನ್ನು, ಒಂದೂವರೆ ಬಾರ್ ಬೇಕಾದವರು ಒಂದೂವರೆ ಬಾರ್‌ನದನ್ನು ತರಿಸಿಕೊಳ್ಳುವುದು ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬೂಸ್ಟ್ ಎಲ್ಲಿಯವರೆಗೆ ಏರಬಹುದು ಎಂಬುದಕ್ಕಿಂತ, ಎಷ್ಟಕ್ಕಿಂತ ಕೆಳಗೆ ಅದನ್ನು ಇಳಿಸಲಾಗದು ಎಂಬುದನ್ನೇ ಸ್ಪ್ರಿಂಗ್ ಮುಖ್ಯವಾಗಿ ನಿರ್ಧರಿಸುತ್ತದೆ. ಮೇಲಿನ ಮಿತಿಯನ್ನು, ಕವಾಟಕ್ಕೆ ತಲುಪುವ ಒತ್ತಡವನ್ನು ತಗ್ಗಿಸುವ ಬೂಸ್ಟ್ ಕಂಟ್ರೋಲರ್‌ನಿಂದ ಸಾಕಷ್ಟು ಎತ್ತಬಹುದು, ಆದರೆ ಸ್ಪ್ರಿಂಗ್ ಹಾಕಿಕೊಟ್ಟ ಕೆಳಗಿನ ಮಿತಿಯನ್ನು ಯಾವ ಕಂಟ್ರೋಲರ್ ಕೂಡ ತಗ್ಗಿಸಲಾರದು. ಆದ್ದರಿಂದ ಸ್ಪ್ರಿಂಗ್ ಆರಿಸುವಾಗ ನಿಮ್ಮ ಎಂಜಿನ್‌ಗೆ ಯಾವ ಸಂದರ್ಭದಲ್ಲೂ ಅಪಾಯವಿಲ್ಲದ ಬೂಸ್ಟ್ ಎಷ್ಟು ಎಂಬ ಪ್ರಶ್ನೆಯಿಂದ ಶುರುಮಾಡಬೇಕು ಎಂಬುದೇ ಈ ಬರಹದ ನಿಲುವು. ಮುಂದಿನ ಹೋಲಿಕೆಗಳೆಲ್ಲ ಅದನ್ನೇ ಆಧರಿಸಿವೆ.

ಕವಾಟದ ಮೇಲೆ ಕೆಲಸ ಮಾಡುವ ಬಲಗಳು

ಟರ್ಬೋದಲ್ಲಿ ಎಕ್ಸಾಸ್ಟ್ ಅನಿಲದಿಂದ ತಿರುಗುವ ಚಕ್ರ ಟರ್ಬೈನ್, ಅದರ ಜೊತೆ ತಿರುಗಿ ಗಾಳಿ ಒತ್ತುವುದು ಕಂಪ್ರೆಸರ್. ಟರ್ಬೈನ್‌ಗೆ ಹೋಗಬೇಕಾದ ಎಕ್ಸಾಸ್ಟ್ ಅನಿಲದ ಒಂದು ಪಾಲನ್ನು ಪಕ್ಕದ ದಾರಿಯಿಂದ ಹೊರಬಿಡುವ ಕವಾಟವೇ ವೇಸ್ಟ್‌ಗೇಟ್. ಅದನ್ನು ಮುಚ್ಚಿ ಹಿಡಿಯುವುದು ಸ್ಪ್ರಿಂಗ್. ತೆರೆಯಲು ಯತ್ನಿಸುವ ಬಲಗಳು ಎರಡು: ಕಂಪ್ರೆಸರ್ ಕಡೆಯಿಂದ ಸಣ್ಣ ಹೋಸ್ ಮೂಲಕ ಬಂದು ಡಯಾಫ್ರಾಂ (ಬಾಗುವ ಪೊರೆ) ಮೇಲೆ ಒತ್ತುವ ಬೂಸ್ಟ್ ಒತ್ತಡ ಒಂದು, ಎಂಜಿನ್‌ನಿಂದ ಅನಿಲ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕಟ್ಟಿಕೊಂಡ ಒತ್ತಡವು ಕವಾಟದ ಮುಖವನ್ನೇ ನೇರವಾಗಿ ತಳ್ಳುವುದು ಇನ್ನೊಂದು. ಸ್ಪ್ರಿಂಗ್ ಕುರಿತ ಚರ್ಚೆಗಳಲ್ಲಿ ಈ ಎರಡನೆಯ ಬಲವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಬಾಕ್ಸಿನ ಮೇಲೆ ಬರೆದ ಅಂಕಿಗೂ ಗೇಜಿನಲ್ಲಿ ಕಾಣುವ ಅಂಕಿಗೂ ತಾಳೆಯಾಗದಿರಲು ಇದೇ ದೊಡ್ಡ ಕಾರಣ.

ಒಂದು ಲೆಕ್ಕ ಹಾಕಿ ನೋಡೋಣ. ಡಯಾಫ್ರಾಂನ ಪರಿಣಾಮಕಾರಿ ವ್ಯಾಸ 60 ಮಿ.ಮೀ., ಕವಾಟದ ವ್ಯಾಸ 38 ಮಿ.ಮೀ. ಎಂದಿಟ್ಟುಕೊಳ್ಳಿ. ಡಯಾಫ್ರಾಂನ ವಿಸ್ತೀರ್ಣ ಸುಮಾರು 2,827 ಚದರ ಮಿ.ಮೀ. ಆಗುವುದರಿಂದ ಪ್ರತಿ ಬಾರ್ ಬೂಸ್ಟ್‌ಗೆ ಅದು ಸುಮಾರು 283 ನ್ಯೂಟನ್ ಬಲದಿಂದ ಸ್ಪ್ರಿಂಗನ್ನು ಒತ್ತುತ್ತದೆ. ಕವಾಟದ ವಿಸ್ತೀರ್ಣ ಸುಮಾರು 1,134 ಚದರ ಮಿ.ಮೀ., ಅಂದರೆ ಎಕ್ಸಾಸ್ಟ್ ಒತ್ತಡದ ಪ್ರತಿ ಬಾರ್‌ಗೆ ಸುಮಾರು 113 ನ್ಯೂಟನ್. ಮುಚ್ಚಿದ ಸ್ಥಿತಿಯಲ್ಲಿ ಸ್ಪ್ರಿಂಗ್ 200 ನ್ಯೂಟನ್ ಬಲದಿಂದ ಒತ್ತಿ ಕೂತಿದ್ದರೆ, ಬೆಂಚಿನ ಮೇಲೆ ಬರೀ ಗಾಳಿ ಹಾಕಿ ಪರೀಕ್ಷಿಸಿದಾಗ ಕವಾಟ ಸುಮಾರು 0.7 ಬಾರ್‌ನಲ್ಲಿ ಅಲುಗುತ್ತದೆ. ಎಂಜಿನ್ ಮೇಲೆ ಕೂರಿಸಿದಾಗ ಮ್ಯಾನಿಫೋಲ್ಡಿನ ಒತ್ತಡ ಬೂಸ್ಟ್‌ನಷ್ಟೇ ಇದ್ದರೆ ಅದೇ ಕವಾಟ 0.5 ಬಾರ್ ಹೊತ್ತಿಗೇ ತೆರೆಯಲು ತೊಡಗುತ್ತದೆ. ಆ ಒತ್ತಡ ಬೂಸ್ಟ್‌ನ ಎರಡು ಪಟ್ಟು ಇದ್ದರೆ 0.4 ಬಾರ್‌ಗೂ ಮುಂಚೆಯೇ. ಸ್ಪ್ರಿಂಗ್ ಬದಲಾಗಿಲ್ಲ, ಎಂಜಿನ್ ಬದಲಾಗಿದೆ ಅಷ್ಟೇ. ಚಿಕ್ಕ ಟರ್ಬೈನ್ ಹೌಸಿಂಗ್, ಇಕ್ಕಟ್ಟಾದ ಎಕ್ಸಾಸ್ಟ್ ಪೈಪ್ ಇರುವ ಕಾರಿನಲ್ಲಿ ಸ್ಪ್ರಿಂಗ್ ತನ್ನ ಅಂಕಿಗಿಂತ ಮೆದುವಾಗಿ ವರ್ತಿಸುವುದು ಹೀಗೆ.

ಇದು ಕವಾಟ ತೆರೆಯಲು ಶುರುವಾಗುವ ಹಂತದ ಲೆಕ್ಕ ಮಾತ್ರ. ಕವಾಟ ಪೂರ್ತಿ ತೆರೆಯಬೇಕಾದರೆ ಸ್ಪ್ರಿಂಗ್ ಇನ್ನಷ್ಟು ಕುಗ್ಗಬೇಕು, ಕುಗ್ಗಿದಷ್ಟೂ ಅದರ ಪ್ರತಿರೋಧ ಹೆಚ್ಚುತ್ತದೆ. ಹೀಗಾಗಿ ಒಂದೇ ಒತ್ತಡಕ್ಕೆ ತೆರೆಯುವ ಎರಡು ಸ್ಪ್ರಿಂಗ್‌ಗಳ ವರ್ತನೆ ಒಂದೇ ಆಗಿರಬೇಕಿಲ್ಲ. ಉದ್ದವಾದ, ಸುರುಳಿಯ ಗಡಸುತನ ಕಡಿಮೆಯಿರುವ ಸ್ಪ್ರಿಂಗನ್ನು ಚೆನ್ನಾಗಿ ಒತ್ತಿ ಕೂರಿಸಿದರೆ ಕವಾಟ ತೆರೆಯಲು ತೊಡಗಿದ ಮೇಲೆ ಸ್ವಲ್ಪವೇ ಹೆಚ್ಚುವರಿ ಒತ್ತಡಕ್ಕೆ ಪೂರ್ತಿ ತೆರೆದುಕೊಳ್ಳುತ್ತದೆ, ಬೂಸ್ಟ್ ರೇಖೆ ಸಮತಟ್ಟಾಗಿ ನಿಲ್ಲುತ್ತದೆ. ಗಿಡ್ಡವಾದ, ಗಡಸು ಸ್ಪ್ರಿಂಗನ್ನು ಕಡಿಮೆ ಒತ್ತಿ ಕೂರಿಸಿದರೆ ತೆರೆಯುವ ಒತ್ತಡ ಅಷ್ಟೇ ಇದ್ದರೂ ಪೂರ್ತಿ ತೆರೆಯುವಷ್ಟರಲ್ಲಿ ಬೂಸ್ಟ್ ಸಾಕಷ್ಟು ಮೇಲೇರಿರುತ್ತದೆ. ಒಳ್ಳೆಯ ತಯಾರಕರು ಪ್ರತಿ ಸ್ಪ್ರಿಂಗ್‌ಗೆ ತೆರೆಯಲು ಶುರುವಾಗುವ ಒತ್ತಡವನ್ನಷ್ಟೇ ಅಲ್ಲದೆ ಕವಾಟ ಎಷ್ಟೆಷ್ಟು ಒತ್ತಡಕ್ಕೆ ಎಷ್ಟೆಷ್ಟು ಸರಿಯುತ್ತದೆ ಎಂಬುದನ್ನೂ ಕೊಡುತ್ತಾರೆ. ಎರಡು ಕಂಪನಿಗಳ ಸ್ಪ್ರಿಂಗ್‌ಗಳನ್ನು ಹೋಲಿಸುವಾಗ ನೋಡಬೇಕಾದದ್ದು ಈ ಮಾಹಿತಿಯನ್ನೇ. ಒಂದೇ ಅಂಕಿಯನ್ನು ಕೊಟ್ಟು ಸುಮ್ಮನಾಗುವವರ ಸರಕು ಅಗ್ಗವಾಗಿದ್ದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆ

ಸ್ಪ್ರಿಂಗ್ ಬದಲಾವಣೆ ಎಂಬ ಮಾತು ಎಲ್ಲ ಟರ್ಬೋ ಕಾರುಗಳಿಗೂ ಅನ್ವಯಿಸುವುದಿಲ್ಲ. ವೇಸ್ಟ್‌ಗೇಟ್ ಬದಲು ಟರ್ಬೈನ್ ಸುತ್ತಲಿನ ರೆಕ್ಕೆಗಳ ಕೋನ ಬದಲಿಸಿ ಬೂಸ್ಟ್ ನಿಯಂತ್ರಿಸುವ ಟರ್ಬೋಗಳು ಇಂದಿನ ಡೀಸೆಲ್ ಕಾರುಗಳಲ್ಲಿ ಬಹಳ ಸಾಮಾನ್ಯ. ಅಲ್ಲಿ ಈ ಚರ್ಚೆಗೆ ಅವಕಾಶವೇ ಇಲ್ಲ. ಇತ್ತೀಚಿನ ಅನೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ ಕವಾಟವನ್ನು ನಡೆಸುವುದು ಎಲೆಕ್ಟ್ರಿಕ್ ಮೋಟಾರ್. ಅವುಗಳಲ್ಲಿ ಬೂಸ್ಟ್ ಎಷ್ಟೆಂಬುದು ಪೂರ್ತಿಯಾಗಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಾಫ್ಟ್‌ವೇರ್‌ನ ಕೈಯಲ್ಲಿದೆ, ಸ್ಪ್ರಿಂಗ್ ಹುಡುಕಿ ಹೊರಡುವುದು ವ್ಯರ್ಥ.

ಉಳಿದವುಗಳಲ್ಲಿ ಕಾರ್ಖಾನೆಯಿಂದ ಬರುವುದು ಹೆಚ್ಚಾಗಿ ಇಂಟರ್ನಲ್ ವೇಸ್ಟ್‌ಗೇಟ್: ಟರ್ಬೈನ್ ಹೌಸಿಂಗ್ ಒಳಗೊಂದು ತಟ್ಟೆಯಂಥ ಕವಾಟ, ಅದಕ್ಕೊಂದು ಲಿವರ್, ಲಿವರನ್ನು ಎಳೆದು ಹಿಡಿದ ರಾಡ್, ರಾಡಿನ ಇನ್ನೊಂದು ತುದಿಯಲ್ಲಿ ಡಬ್ಬಿಯಂಥ ಆಕ್ಚುಯೇಟರ್. ಈ ಡಬ್ಬಿಯ ಅಂಚನ್ನು ಸಾಮಾನ್ಯವಾಗಿ ಮಡಚಿ ಶಾಶ್ವತವಾಗಿ ಮುಚ್ಚಿರುತ್ತಾರೆ. ಒಳಗಿನ ಸ್ಪ್ರಿಂಗ್ ತೆಗೆಯಲು ಬರುವುದಿಲ್ಲ. ಬೇರೆ ಬಿಗಿ ಬೇಕಾದರೆ ಇಡೀ ಆಕ್ಚುಯೇಟರನ್ನೇ ಬದಲಿಸಬೇಕು. ಸ್ಕ್ರೂ ತೆಗೆದು ಸ್ಪ್ರಿಂಗ್ ಬದಲಿಸಬಹುದಾದ ಆಕ್ಚುಯೇಟರ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಟರ್ಬೋಸ್ಮಾರ್ಟ್ ಕಂಪನಿಯ ಇಂಥ ಆಕ್ಚುಯೇಟರ್‌ಗಳು ಹೆಚ್ಚು ಬಳಕೆಯಲ್ಲಿವೆ. ಮ್ಯಾನಿಫೋಲ್ಡ್ ಮೇಲೆ ಪ್ರತ್ಯೇಕವಾಗಿ ಕೂರುವ ಎಕ್ಸ್‌ಟರ್ನಲ್ ವೇಸ್ಟ್‌ಗೇಟ್‌ನಲ್ಲಿ ಮಾತ್ರ ಸ್ಪ್ರಿಂಗ್ ಬದಲಾವಣೆ ಮೊದಲಿನಿಂದಲೂ ಸುಲಭ. ಒಂದರೊಳಗೊಂದು ಕೂರುವ ಎರಡು ಮೂರು ಸ್ಪ್ರಿಂಗ್‌ಗಳನ್ನು ಬೇಕಾದಂತೆ ಜೋಡಿಸಿ ಹಲವು ಒತ್ತಡಗಳನ್ನು ಪಡೆಯಬಹುದು, ಅವನ್ನು ಬಣ್ಣದಿಂದ ಗುರುತಿಸಿರುತ್ತಾರೆ. ಇಲ್ಲೊಂದು ಎಚ್ಚರಿಕೆ ಬೇಕು: ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಡಯಾಫ್ರಾಂ ಮತ್ತು ಕವಾಟದ ಅಳತೆ ಬದಲಾದರೆ ಒಂದೇ ಸ್ಪ್ರಿಂಗ್ ಕೊಡುವ ಒತ್ತಡವೂ ಬೇರೆ. ನಿಮ್ಮ ವೇಸ್ಟ್‌ಗೇಟ್ ಮಾದರಿಗೆಂದೇ ಇರುವ ಪಟ್ಟಿಯನ್ನು ಬಿಟ್ಟು ಇನ್ನಾವುದನ್ನೂ ನಂಬಬಾರದು.

ಬೂಸ್ಟ್ ಏರಿಸುವ ದಾರಿಗಳ ಹೋಲಿಕೆ

ಎಲ್ಲಕ್ಕಿಂತ ಅಗ್ಗದ ದಾರಿ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿ ಕೂರಿಸಿದ ಪ್ರಮಾಣ, ಹೆಚ್ಚಿಸುವುದು. ಆಕ್ಚುಯೇಟರ್ ರಾಡಿನ ತುದಿಯನ್ನು ಕೆಲವು ಸುತ್ತು ತಿರುಗಿಸಿ ರಾಡನ್ನು ಗಿಡ್ಡ ಮಾಡಿದರೆ ಸ್ಪ್ರಿಂಗ್ ಕವಾಟವನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿಯುತ್ತದೆ, ಬೂಸ್ಟ್ ತುಸು ಏರುತ್ತದೆ. ಹಳೆಯದಾಗಿ, ಬಿಸಿಗೆ ಸೋತು ಸಡಿಲವಾದ ಸ್ಪ್ರಿಂಗನ್ನು ಮೂಲ ಸ್ಥಿತಿಗೆ ತರಲು ಇದು ಒಳ್ಳೆಯ ಉಪಾಯ. ಆದರೆ ಇದನ್ನೇ ಬೂಸ್ಟ್ ಹೆಚ್ಚಿಸುವ ಮುಖ್ಯ ಸಾಧನವಾಗಿ ಬಳಸಬಾರದು. ಆಕ್ಚುಯೇಟರ್ ಒಳಗಿನ ಚಲನೆಗೆ ಒಂದು ಮಿತಿಯಿದೆ, ಪ್ರಿಲೋಡ್‌ಗೆ ಕೊಟ್ಟ ಪ್ರತಿ ಮಿಲಿಮೀಟರ್ ಕವಾಟ ತೆರೆಯಲು ಉಳಿದಿರುವ ಚಲನೆಯಿಂದ ಕಡಿತವಾಗುತ್ತದೆ. ಅತಿಯಾಗಿ ಬಿಗಿದ ರಾಡ್ ಇರುವ ಕಾರಿನಲ್ಲಿ ಹೆಚ್ಚು ಆರ್‌ಪಿಎಂ ತಲುಪಿದಾಗ, ಅಂದರೆ ಅನಿಲದ ಹರಿವು ಉತ್ತುಂಗದಲ್ಲಿರುವಾಗಲೇ, ಕವಾಟ ಸಾಕಷ್ಟು ತೆರೆಯದೆ ಬೂಸ್ಟ್ ಕೈಮೀರುತ್ತದೆ.

ಲಿವರಿಗೆ ಹೊರಗಿನಿಂದ ಇನ್ನೊಂದು ಎಳೆತದ ಸ್ಪ್ರಿಂಗ್ ಸಿಕ್ಕಿಸುವ ರೂಢಿಯೂ ಇದೆ. ಉರಿಯುವ ಟರ್ಬೈನ್ ಹೌಸಿಂಗ್ ಪಕ್ಕದಲ್ಲಿ ತೆರೆದಿಟ್ಟ ಅಂಥ ಸ್ಪ್ರಿಂಗ್ ತನ್ನ ಬಿಗಿಯನ್ನು ಬಹುಕಾಲ ಉಳಿಸಿಕೊಳ್ಳುವುದಿಲ್ಲ. ಇದನ್ನು ಆಯ್ಕೆಗಳ ಸಾಲಿಗೇ ಸೇರಿಸಬಾರದು.

ಎರಡನೆಯ ದಾರಿ ಇರುವ ಸ್ಪ್ರಿಂಗನ್ನೇ ಉಳಿಸಿಕೊಂಡು ಬೂಸ್ಟ್ ಕಂಟ್ರೋಲರ್ ಸೇರಿಸುವುದು, ಅಥವಾ ಕಾರ್ಖಾನೆಯ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸಣ್ಣ ಕವಾಟ) ಇದ್ದರೆ ಇಸಿಯು ಟ್ಯೂನ್ ಮಾಡಿಸಿ ಅದನ್ನೇ ಹೆಚ್ಚು ದುಡಿಸುವುದು. ಡಯಾಫ್ರಾಂಗೆ ತಲುಪಬೇಕಾದ ಒತ್ತಡದ ಒಂದು ಭಾಗವನ್ನು ಕಂಟ್ರೋಲರ್ ತಡೆಯುತ್ತದೆ ಅಥವಾ ಸೋರಿಸುತ್ತದೆ. ಹಾಗಾಗಿ ನಿಜವಾದ ಬೂಸ್ಟ್ ಸ್ಪ್ರಿಂಗ್‌ನ ಅಂಕಿಯನ್ನು ದಾಟಿದ ಮೇಲೂ ಕವಾಟ ಮುಚ್ಚಿಯೇ ಇರುತ್ತದೆ. ಈ ದಾರಿಯ ಹಿರಿಮೆ ನಮ್ಯತೆ. ಗೇರಿಗೆ ತಕ್ಕಂತೆ, ಇಂಧನಕ್ಕೆ ತಕ್ಕಂತೆ, ಎಂಜಿನ್ ಬಿಸಿಗೆ ತಕ್ಕಂತೆ ಬೂಸ್ಟನ್ನು ಇಳಿಸಿ ಏರಿಸಬಹುದು. ಇನ್ನೊಂದು ಲಾಭ ಇನ್ನೂ ಮುಖ್ಯವಾದದ್ದು: ಸರಿಯಾಗಿ ಜೋಡಿಸಿದ ಮೂರು ಪೋರ್ಟಿನ (ಹೋಸ್ ಸೇರುವ ಕಿಂಡಿಗಳ) ಸೊಲೆನಾಯ್ಡ್‌ಗೆ ವಿದ್ಯುತ್ ನಿಂತುಹೋದರೆ ಬೂಸ್ಟ್ ಒತ್ತಡ ನೇರವಾಗಿ ಡಯಾಫ್ರಾಂಗೆ ಹೋಗುತ್ತದೆ, ಎಂಜಿನ್ ತಾನಾಗಿಯೇ ಸ್ಪ್ರಿಂಗ್ ನಿಗದಿಪಡಿಸಿದ ಬೇಸ್ ಬೂಸ್ಟ್‌ಗೆ ಇಳಿಯುತ್ತದೆ. ಸಾಬ್ ಕಂಪನಿ 1980ರ ದಶಕದ ಆರಂಭದಲ್ಲಿ ತಂದ ಎಪಿಸಿ ವ್ಯವಸ್ಥೆ ನಿಂತಿದ್ದು ಇದೇ ತತ್ವದ ಮೇಲೆ. ಅಲ್ಲಿ ಬೇಸ್ ಬೂಸ್ಟ್ ಸುರಕ್ಷಿತ ಮಟ್ಟದಲ್ಲಿತ್ತು, ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ಅಕಾಲದಲ್ಲಿ ಸಿಡಿಯುವುದು) ಗುರುತಿಸುವ ನಾಕ್ ಸೆನ್ಸರ್ ಅಪಾಯ ಕಾಣದವರೆಗೆ ಮಾತ್ರ ಸೊಲೆನಾಯ್ಡ್ ಅದರ ಮೇಲೆ ಬೂಸ್ಟ್ ಸೇರಿಸುತ್ತಿತ್ತು. ಇಷ್ಟು ವರ್ಷ ಕಳೆದರೂ ಇದಕ್ಕಿಂತ ವಿವೇಕದ ವಿನ್ಯಾಸವನ್ನು ನಾನು ಕಂಡಿಲ್ಲ.

ಕಂಟ್ರೋಲರ್‌ಗೂ ಒಂದು ಎಲ್ಲೆಯಿದೆ. ಒಂದೇ ಪೋರ್ಟಿನ ಆಕ್ಚುಯೇಟರ್‌ನಲ್ಲಿ ಸ್ಪ್ರಿಂಗ್ ಒತ್ತಡದ ಸುಮಾರು ಎರಡು ಪಟ್ಟಿನವರೆಗೆ ನಿಯಂತ್ರಣ ನೆಚ್ಚಿಕೊಳ್ಳುವಂತಿರುತ್ತದೆ ಎಂಬುದು ಟ್ಯೂನರ್‌ಗಳ ರೂಢಿಯ ಲೆಕ್ಕ. ಅದರಾಚೆಗೆ ಡಯಾಫ್ರಾಂಗೆ ಒಂದಿಷ್ಟೂ ಗಾಳಿ ಬಿಡದಿದ್ದರೂ ಎಕ್ಸಾಸ್ಟ್ ಒತ್ತಡವೇ ಕವಾಟವನ್ನು ತಳ್ಳಿ ತೆರೆಯುತ್ತದೆ. ಮಧ್ಯದ ಆರ್‌ಪಿಎಂನಲ್ಲಿ ಗುರಿ ಮುಟ್ಟಿದ ಬೂಸ್ಟ್ ಮೇಲಕ್ಕೆ ಹೋದಂತೆ ಕುಸಿಯುತ್ತಾ ಬರುವುದು ಇದರ ಗುರುತು. ಸೊಲೆನಾಯ್ಡ್ ಡ್ಯೂಟಿ (ಅದು ಚಾಲೂ ಇರುವ ಸಮಯದ ಶೇಕಡಾವಾರು) ನೂರರ ಹತ್ತಿರ ಹೋಗಿಯೂ ಬೂಸ್ಟ್ ಗುರಿಯಲ್ಲಿ ಉಳಿಯದಿದ್ದರೆ ಸ್ಪ್ರಿಂಗ್ ಮೆದುವಾಗಿರುವ ಸಾಧ್ಯತೆ ಹೆಚ್ಚು. ಟರ್ಬೋ ಹರಿವಿನ ಎಲ್ಲೆ ಮುಟ್ಟಿಲ್ಲ, ಎಲ್ಲೂ ಸೋರಿಕೆಯಿಲ್ಲ ಎಂಬುದನ್ನು ಮಾತ್ರ ಮೊದಲು ಖಚಿತಪಡಿಸಿಕೊಳ್ಳಬೇಕು.

ಗಟ್ಟಿ ಸ್ಪ್ರಿಂಗ್ ನಿಜವಾಗಿ ಬೇಕಾಗುವುದು ಆಗ. ಅದರಿಂದ ಇನ್ನೊಂದು ಅನುಕೂಲವೂ ಉಂಟು. ಮೆದು ಸ್ಪ್ರಿಂಗ್ ತನ್ನ ಅಂಕಿಗಿಂತ ಬಹಳ ಮುಂಚೆಯೇ ಕವಾಟವನ್ನು ಕೂದಲೆಳೆಯಷ್ಟು ಬಿಟ್ಟುಕೊಡುತ್ತದೆ, ಟರ್ಬೈನನ್ನು ತಿರುಗಿಸಬೇಕಿದ್ದ ಅನಿಲ ಆ ಸಂದಿಯಲ್ಲಿ ಸೋರಿಹೋಗುತ್ತದೆ. ಗಟ್ಟಿ ಸ್ಪ್ರಿಂಗ್ ಕವಾಟವನ್ನು ಭದ್ರವಾಗಿ ಮುಚ್ಚಿಟ್ಟುಕೊಳ್ಳುವುದರಿಂದ ಬೂಸ್ಟ್ ಏರುವ ವೇಗ ಕೊಂಚ ಸುಧಾರಿಸುತ್ತದೆ. ಸುಧಾರಣೆ ಎಷ್ಟೆಂಬುದು ಮೊದಲಿದ್ದ ಸ್ಪ್ರಿಂಗ್ ಎಷ್ಟು ಸೋತಿತ್ತು ಎಂಬುದರ ಮೇಲೆ ನಿಂತಿದೆ. ಚೆನ್ನಾಗಿರುವ ಸ್ಪ್ರಿಂಗನ್ನು ಈ ಒಂದು ಆಸೆಗಾಗಿ ತೆಗೆಯುವುದು ಬೇಡ.

ಎರಡು ಪೋರ್ಟಿನ ಆಕ್ಚುಯೇಟರ್ ಇವೆರಡರ ನಡುವಿನ ದಾರಿ. ಇದರಲ್ಲಿ ಸ್ಪ್ರಿಂಗ್ ಇರುವ ಬದಿಗೂ ಒತ್ತಡ ಕೊಡಬಹುದು, ಆ ಒತ್ತಡ ಸ್ಪ್ರಿಂಗ್ ಜೊತೆ ಸೇರಿ ಕವಾಟವನ್ನು ಮುಚ್ಚಿ ಹಿಡಿಯುತ್ತದೆ. ಮೆದು ಸ್ಪ್ರಿಂಗ್ ಇಟ್ಟುಕೊಂಡೇ ಅದರ ಎರಡು ಪಟ್ಟಿಗಿಂತ ಹೆಚ್ಚಿನ ಬೂಸ್ಟ್ ತಲುಪಬೇಕಾದವರಿಗೆ ಇದು ತಕ್ಕದ್ದು. ನಾಲ್ಕು ಪೋರ್ಟಿನ ಸೊಲೆನಾಯ್ಡ್ ಮತ್ತು ಹೆಚ್ಚು ಎಚ್ಚರದ ಟ್ಯೂನಿಂಗ್ ಇದಕ್ಕೆ ಬೇಕು, ಏಕೆಂದರೆ ಡ್ಯೂಟಿಯಲ್ಲಿ ಸಣ್ಣ ವ್ಯತ್ಯಾಸವಾದರೂ ಬೂಸ್ಟ್ ಬಹಳ ಬದಲಾಗುತ್ತದೆ. ನಿತ್ಯ ಓಡಿಸುವ, ಮಿತವಾದ ಗುರಿಯಿರುವ ಕಾರಿಗೆ ಇಷ್ಟು ಜಟಿಲತೆ ಅನಗತ್ಯ ಎಂಬುದು ನನ್ನ ಅನಿಸಿಕೆ.

ಯಾವ ಅಂಕಿಯ ಸ್ಪ್ರಿಂಗ್

ಗುರಿ 1.2 ಬಾರ್ ಇರುವ ಒಂದು ಪೆಟ್ರೋಲ್ ಕಾರನ್ನು ಎದುರಿಗಿಟ್ಟುಕೊಂಡು 0.5, 0.8 ಮತ್ತು 1.1 ಬಾರ್‌ನ ಮೂರು ಸ್ಪ್ರಿಂಗ್‌ಗಳನ್ನು ಹೋಲಿಸೋಣ. ಪಿಎಸ್‌ಐ ಲೆಕ್ಕದವರಿಗೆ ಇವು ಸುಮಾರು 7, 12 ಮತ್ತು 16. ಒಂದು ಬಾರ್ ಎಂದರೆ 14.5 ಪಿಎಸ್‌ಐ.

0.5 ಬಾರ್ ಸ್ಪ್ರಿಂಗ್‌ನಲ್ಲಿ ಬೇಸ್ ಬೂಸ್ಟ್ ಅತ್ಯಂತ ಸೌಮ್ಯ. ಒದ್ದೆ ರಸ್ತೆಯಲ್ಲಿ, ಮೊದಲ ಎರಡು ಗೇರುಗಳಲ್ಲಿ, ಆಕ್ಟೇನ್ ಕಡಿಮೆಯಿರುವ ಪೆಟ್ರೋಲ್ ತುಂಬಿಸಿದಾಗ ಎಂಜಿನ್‌ಗೂ ಟೈರಿಗೂ ನೆಮ್ಮದಿ. ಆದರೆ 1.2 ಬಾರ್ ಎಂಬುದು ಅದರ ಎರಡು ಪಟ್ಟಿಗಿಂತ ಹೆಚ್ಚು. ಎಕ್ಸಾಸ್ಟ್ ದಾರಿ ಧಾರಾಳವಾಗಿಲ್ಲದ ಕಾರಿನಲ್ಲಿ ಮೇಲಿನ ಆರ್‌ಪಿಎಂ ತಲುಪುವಷ್ಟರಲ್ಲಿ ಬೂಸ್ಟ್ ಕುಸಿಯುವುದನ್ನು ನಿರೀಕ್ಷಿಸಬೇಕು.

1.1 ಬಾರ್ ಸ್ಪ್ರಿಂಗ್ ಸರಳ. ಕಂಟ್ರೋಲರ್ ಇಲ್ಲದೆಯೂ ಗುರಿಯ ಹತ್ತಿರ ತಲುಪುತ್ತದೆ, ಕವಾಟ ಕೊನೆಯವರೆಗೂ ಗಟ್ಟಿಯಾಗಿ ಕೂರುತ್ತದೆ. ಆದರೆ ಇಸಿಯುಗೆ ಬೂಸ್ಟ್ ಇಳಿಸುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಟರ್ಬೋದಿಂದ ಬಂದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಬಿಸಿಯಾದಾಗ, ಪೆಟ್ರೋಲ್ ಕಳಪೆಯಾದಾಗ, ಫ್ಯೂಯಲ್ ಪಂಪ್ ಸೋಲಲು ಶುರುವಾದಾಗ ಅದು ಇಗ್ನಿಷನ್ ಟೈಮಿಂಗ್ ಹಿಂದೆ ತಳ್ಳಬಹುದು, ಥ್ರಾಟಲ್ ಮುಚ್ಚಬಹುದು, ಬೂಸ್ಟನ್ನು ಮಾತ್ರ 1.1 ಬಾರ್‌ಗಿಂತ ಕೆಳಗಿಳಿಸಲಾರದು. ಥ್ರಾಟಲ್ ಮುಚ್ಚಿ ಶಕ್ತಿ ತಗ್ಗಿಸುವುದು ಕಂಪ್ರೆಸರ್‌ಗೂ ಒಳ್ಳೆಯದಲ್ಲ. ಮುಂದೆ ಹೋಗಲು ದಾರಿಯಿಲ್ಲದ ಗಾಳಿ ಹಿಂದಕ್ಕೆ ನುಗ್ಗಿ ಸರ್ಜ್ ಆಗುವ ಸಂಭವವಿದೆ.

0.8 ಬಾರ್ ಸ್ಪ್ರಿಂಗ್ ಗುರಿಯ ಮೂರನೇ ಎರಡು ಭಾಗದಷ್ಟಿದೆ. ಕೆಳಗೆ ಸುರಕ್ಷಿತ ಮಟ್ಟ ಉಳಿಯುತ್ತದೆ, ಮೇಲೆ ಕಂಟ್ರೋಲರ್‌ಗೆ ಬೇಕಾದಷ್ಟು ಜಾಗವಿರುತ್ತದೆ. ಬಹುಪಾಲು ರಸ್ತೆ ಕಾರುಗಳಿಗೆ ನಾನು ಹೇಳುವುದು ಇದನ್ನೇ: ಗುರಿಯ ಅರ್ಧದಿಂದ ಮುಕ್ಕಾಲು ಭಾಗದ ನಡುವೆ ಇರುವ, ಗುರಿಯ ಬೂಸ್ಟನ್ನು ರೆಡ್‌ಲೈನ್‌ವರೆಗೆ (ಎಂಜಿನ್‌ನ ಗರಿಷ್ಠ ಆರ್‌ಪಿಎಂವರೆಗೆ) ಹಿಡಿದಿಡಬಲ್ಲ ಅತ್ಯಂತ ಮೆದು ಸ್ಪ್ರಿಂಗನ್ನು ಆರಿಸಿಕೊಳ್ಳಿ. ಎಕ್ಸಾಸ್ಟ್ ಇಕ್ಕಟ್ಟಾಗಿದ್ದರೆ ಮುಕ್ಕಾಲಿನ ಕಡೆಗೆ, ಧಾರಾಳವಾಗಿದ್ದರೆ ಅರ್ಧದ ಕಡೆಗೆ ವಾಲಬಹುದು.

ಈ ಮಾತಿಗೆ ಹೊರತಾದ ಸಂದರ್ಭಗಳು ಇಲ್ಲದಿಲ್ಲ. ಟ್ರ್ಯಾಕಿನಲ್ಲಿ ಮಾತ್ರ ಓಡುವ, ಸದಾ ಒಂದೇ ಇಂಧನ ಬಳಸುವ, ವೈರಿಂಗ್ ಆದಷ್ಟು ಕಡಿಮೆ ಇರಲೆಂದು ಬಯಸುವ ಕಾರಿಗೆ ಗುರಿಯ ಹತ್ತಿರದ ಗಟ್ಟಿ ಸ್ಪ್ರಿಂಗ್ ತಪ್ಪೇನಲ್ಲ. ಸಾಧಾರಣ ಪೆಟ್ರೋಲ್ ಮತ್ತು ಎಥನಾಲ್ ಹೆಚ್ಚಿರುವ ಇಂಧನ ಎರಡನ್ನೂ ಬಳಸುವವರು ಪೆಟ್ರೋಲ್‌ನಲ್ಲಿ ಸುರಕ್ಷಿತವಾದ ಬೂಸ್ಟ್‌ಗೇ ಸ್ಪ್ರಿಂಗ್ ಹೊಂದಿಸಿ, ಎಥನಾಲ್‌ಗೆ ಬೇಕಾದ ಉಳಿದ ಬೂಸ್ಟನ್ನು ಕಂಟ್ರೋಲರ್‌ನಿಂದ ಸೇರಿಸಬೇಕು. ಮುಂದಿನ ಚಕ್ರಗಳಿಗೆ ಶಕ್ತಿ ಹರಿಯುವ ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಕೆಳಗಿನ ಗೇರುಗಳಲ್ಲಿ ಚಕ್ರ ಜಾರುವುದೇ ದೊಡ್ಡ ತೊಡಕಾದ್ದರಿಂದ ಮೆದು ಸ್ಪ್ರಿಂಗ್ ಕಡೆಗೆ ವಾಲುವುದು ಜಾಣತನ.

ಸ್ಪ್ರಿಂಗ್‌ನಿಂದ ಗುಣವಾಗದ ತೊಂದರೆಗಳು

ಬೂಸ್ಟ್ ಗುರಿ ಮುಟ್ಟಿದ ಮೇಲೂ ಆರ್‌ಪಿಎಂ ಜೊತೆಗೆ ನಿಧಾನವಾಗಿ ಏರುತ್ತಲೇ ಹೋದರೆ ಅದನ್ನು ಬೂಸ್ಟ್ ಕ್ರೀಪ್ ಎನ್ನುತ್ತಾರೆ. ಕವಾಟ ಪೂರ್ತಿ ತೆರೆದಿದ್ದರೂ ಹೊರಹೋಗಬೇಕಾದಷ್ಟು ಅನಿಲ ಆ ಕಿಂಡಿಯಲ್ಲಿ ಹೋಗಲಾರದೆ ಟರ್ಬೈನ್ ಕಡೆಗೇ ನುಗ್ಗುವುದು ಇದಕ್ಕೆ ಕಾರಣ. ಮೆದು ಸ್ಪ್ರಿಂಗ್ ಹಾಕಿದರೆ ಸರಿಹೋದೀತೆಂದು ನಂಬಿ ಬದಲಿಸಿದರೂ ತೆರೆದ ಕಿಂಡಿಯ ಅಗಲ ಅಷ್ಟೇ ಇರುತ್ತದೆ. ಕ್ರೀಪ್‌ಗೆ ಮದ್ದು ಒಂದೇ, ಹರಿವಿನ ದಾರಿ ಹಿಗ್ಗಿಸುವುದು: ಇಂಟರ್ನಲ್ ಆಗಿದ್ದರೆ ಕಿಂಡಿಯನ್ನು ಉಜ್ಜಿ ಅಗಲಿಸಿ ದೊಡ್ಡ ತಟ್ಟೆ ಕೂರಿಸಬೇಕು, ಇಲ್ಲವೇ ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ ಹಾಕಿ, ಅನಿಲ ಸರಾಗವಾಗಿ ತಿರುಗುವಂಥ ಕೋನದಲ್ಲಿ ಅದನ್ನು ಮ್ಯಾನಿಫೋಲ್ಡಿಗೆ ಬೆಸೆಯಬೇಕು. ವಿಚಿತ್ರವೆಂದರೆ ಎಕ್ಸಾಸ್ಟ್ ಪೈಪನ್ನು ದೊಡ್ಡದು ಮಾಡಿಸಿದ ಮೇಲೆಯೇ ಎಷ್ಟೋ ಕಾರುಗಳಲ್ಲಿ ಕ್ರೀಪ್ ಕಾಣಿಸಿಕೊಳ್ಳುತ್ತದೆ. ಟರ್ಬೈನ್ ಹಿಂದಿನ ತಡೆ ತಗ್ಗಿ ಅದು ಹಗುರವಾಗಿ ತಿರುಗತೊಡಗುವುದರಿಂದ ಹಳೆಯ ಕಿಂಡಿ ಸಾಲದಾಗುತ್ತದೆ. ಕ್ರೀಪ್ ಇರುವ ಕಾರಿಗೆ ಕಡಿಮೆ ಬೂಸ್ಟ್ ಗುರಿಯೇ ಹೆಚ್ಚು ಕಷ್ಟ, ಏಕೆಂದರೆ ಬೂಸ್ಟ್ ಕಡಿಮೆ ಇರಬೇಕಾದರೆ ಹೆಚ್ಚು ಅನಿಲ ಪಕ್ಕದ ದಾರಿಯಲ್ಲಿ ಹೋಗಬೇಕು.

ಆಕ್ಸಿಲರೇಟರ್ ಒತ್ತಿದೊಡನೆ ಬೂಸ್ಟ್ ಗುರಿ ದಾಟಿ ಜಿಗಿದು ಮತ್ತೆ ಇಳಿಯುವುದು ಸ್ಪೈಕ್. ಉದ್ದವಾದ ಸಿಗ್ನಲ್ ಹೋಸ್, ಬೇರೆ ಉಪಕರಣಗಳಿಗೂ ಕವಲೊಡೆದ ಹೋಸ್, ಕಂಟ್ರೋಲರ್‌ನ ಹೊಂದಾಣಿಕೆ ಇವುಗಳಲ್ಲಿ ಅದರ ಕಾರಣ ಹುಡುಕಬೇಕು. ವೇಸ್ಟ್‌ಗೇಟ್‌ಗೆ ಪ್ರತ್ಯೇಕವಾದ, ಆದಷ್ಟು ಗಿಡ್ಡ ಹೋಸ್ ಇರಲಿ. ಆ ಹೋಸ್ ಕಳಚಿದರೆ ಯಾವ ಸ್ಪ್ರಿಂಗ್ ಇದ್ದರೂ ಎಂಜಿನ್ ಉಳಿಯುವ ಭರವಸೆಯಿಲ್ಲ, ಒತ್ತಡದ ಸುದ್ದಿಯೇ ಡಯಾಫ್ರಾಂಗೆ ತಲುಪದೆ ಕವಾಟ ಮುಚ್ಚಿಕೊಂಡೇ ಇರುತ್ತದೆ. ಎರಡೂ ತುದಿಗೆ ಕ್ಲಿಪ್ ಹಾಕುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ರಕ್ಷಣೆ.

ಎಂಜಿನ್ ಮತ್ತು ಇಸಿಯು ಸಿದ್ಧವಿರಬೇಕು

ಬರೀ ಸ್ಪ್ರಿಂಗ್ ಬದಲಿಸಿ ಟ್ಯೂನ್ ಮಾಡಿಸದೆ ಓಡಿಸುವುದು ಇಂದಿನ ಕಾರುಗಳಲ್ಲಿ ನಡೆಯುವ ಮಾತಲ್ಲ. ಇಸಿಯು ಒಳಗಿನ ಡ್ಯೂಟಿ ಕೋಷ್ಟಕಗಳು ಹಳೆಯ ಸ್ಪ್ರಿಂಗ್‌ಗೆ ಹೊಂದಿಸಿದವು. ಗಟ್ಟಿ ಸ್ಪ್ರಿಂಗ್ ಬಂದ ಮೇಲೂ ಅದೇ ಡ್ಯೂಟಿ ಕೊಟ್ಟರೆ ಬೂಸ್ಟ್ ಗುರಿ ಮೀರುತ್ತದೆ, ಇಸಿಯು ಪಿ0234 ಎಂಬ ಓವರ್‌ಬೂಸ್ಟ್ ಕೋಡ್ ದಾಖಲಿಸಿ ಶಕ್ತಿ ಕಡಿತಗೊಳಿಸಬಹುದು. ತದ್ವಿರುದ್ಧವಾಗಿ ಸೋತ ಸ್ಪ್ರಿಂಗ್ ಅಥವಾ ಸೋರುವ ಹೋಸ್ ಇದ್ದರೆ ಕಾಣುವುದು ಪಿ0299 ಎಂಬ ಅಂಡರ್‌ಬೂಸ್ಟ್ ಕೋಡ್. ಬೂಸ್ಟ್ ಅಳೆಯುವ ಮ್ಯಾಪ್ ಸೆನ್ಸರ್‌ನ ವ್ಯಾಪ್ತಿಯನ್ನೂ ನೋಡಿಕೊಳ್ಳಬೇಕು. ಅದು ವಾತಾವರಣದ ಒತ್ತಡವನ್ನೂ ಸೇರಿಸಿ ಅಳೆಯುವುದರಿಂದ 2 ಬಾರ್ ಸೆನ್ಸರ್‌ಗೆ ಕಾಣುವುದು ಸುಮಾರು 1 ಬಾರ್ ಬೂಸ್ಟ್‌ವರೆಗೆ ಮಾತ್ರ. ಅದರಾಚೆಗೆ ಇಸಿಯು ಕುರುಡು.

ಇಂಜೆಕ್ಟರ್, ಫ್ಯೂಯಲ್ ಪಂಪ್, ಸ್ಪಾರ್ಕ್ ಪ್ಲಗ್, ಇಂಟರ್‌ಕೂಲರ್, ಕ್ಲಚ್ ಇವೆಲ್ಲ ಹೊಸ ಬೂಸ್ಟ್ ತಾಳುತ್ತವೆಯೇ ಎಂಬುದನ್ನು ಸ್ಪ್ರಿಂಗ್ ಕೊಳ್ಳುವ ಮೊದಲು ವಿಚಾರಿಸಬೇಕು, ಆಮೇಲಲ್ಲ. ಟರ್ಬೋದ ಕಂಪ್ರೆಸರ್ ಮ್ಯಾಪ್ (ಯಾವ ಒತ್ತಡ, ಹರಿವಿನಲ್ಲಿ ಅದು ಎಷ್ಟು ದಕ್ಷ ಎಂದು ತೋರಿಸುವ ನಕ್ಷೆ) ಸಿಕ್ಕಿದರೆ ಗುರಿಯ ಬೂಸ್ಟ್ ಅದರ ದಕ್ಷ ಭಾಗದೊಳಗೆ ಬೀಳುತ್ತದೆಯೇ ಎಂದೂ ಗಮನಿಸಬೇಕು. ಚಿಕ್ಕ ಟರ್ಬೋವನ್ನು ಮಿತಿ ಮೀರಿ ತಿರುಗಿಸಿದರೆ ಬರುವುದು ಹೆಚ್ಚಾಗಿ ಬಿಸಿ ಗಾಳಿಯೇ, ಹೆಚ್ಚು ಆಮ್ಲಜನಕವಲ್ಲ. ವಾರಂಟಿ, ವಿಮೆ, ಹೊಗೆ ತಪಾಸಣೆಯ ನಿಯಮಗಳು ನೀವಿರುವಲ್ಲಿ ಏನು ಹೇಳುತ್ತವೆ ಎಂಬುದನ್ನೂ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಜೋಡಣೆ ಮತ್ತು ಪರೀಕ್ಷೆ

ಎಕ್ಸ್‌ಟರ್ನಲ್ ವೇಸ್ಟ್‌ಗೇಟ್‌ನ ಮೇಲಿನ ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಮುಚ್ಚಳವನ್ನು ವೈಸ್‌ನಲ್ಲೋ ಕ್ಲ್ಯಾಂಪಿನಲ್ಲೋ ಅದುಮಿ ಹಿಡಿದು, ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಹೋಗಬೇಕು. ಒಂದೇ ಬದಿಯದನ್ನು ಪೂರ್ತಿ ತೆಗೆದರೆ ಮುಚ್ಚಳ ಓರೆಯಾಗಿ ಸಿಡಿಯುತ್ತದೆ. ಹೊಸ ಸ್ಪ್ರಿಂಗ್‌ನ ತುದಿ ಅದರ ತೋಡಿನಲ್ಲೇ ಕೂತಿದೆಯೇ ಎಂದು ನೋಡಿ ಮುಚ್ಚುವಾಗ ಡಯಾಫ್ರಾಂನ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿ, ಎಲ್ಲೂ ಮಡಿಕೆ ಬಿದ್ದಿಲ್ಲ, ಸ್ಕ್ರೂ ತೂತುಗಳಿಗೆ ಸರಿಹೊಂದಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಬಿಸಿಗೆ ಗಟ್ಟಿಯಾಗಿ ಅಂಚಿನಲ್ಲಿ ಸೀಳು ಕಾಣುವ ಡಯಾಫ್ರಾಂ ಇದ್ದರೆ ಅದನ್ನೂ ಆಗಲೇ ಬದಲಿಸುವುದು ಮೇಲು.

ಇಂಟರ್ನಲ್ ಆಕ್ಚುಯೇಟರ್‌ನಲ್ಲಿ ರಾಡಿನ ತುದಿ ತಿರುಗಿಸುವಾಗ ರಾಡನ್ನು ಇನ್ನೊಂದು ಸ್ಪ್ಯಾನರ್‌ನಿಂದ ಅಲುಗದಂತೆ ಹಿಡಿಯಬೇಕು. ರಾಡ್ ತಿರುಗಿದರೆ ಒಳಗಿನ ಡಯಾಫ್ರಾಂ ಹೊರಳಿ ಹರಿಯುತ್ತದೆ. ಕವಾಟ ಮುಚ್ಚಿರುವಾಗ ರಾಡಿನ ಕಣ್ಣು ಲಿವರಿನ ಪಿನ್ನಿಗೆ ಒಂದೆರಡು ಮಿಲಿಮೀಟರ್ ಮುಟ್ಟದೆ ನಿಲ್ಲಬೇಕು, ಕೈಯಿಂದಲೋ ಕೈಪಂಪಿನ ಗಾಳಿಯಿಂದಲೋ ರಾಡನ್ನು ಅಷ್ಟು ಚಾಚಿದಾಗ ಮಾತ್ರ ಪಿನ್ನಿಗೆ ಸಿಕ್ಕಬೇಕು. ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದೇ ಪ್ರಮಾಣ. ತುದಿಯಲ್ಲಿ ಸಾಮಾನ್ಯ ಎಂ6 ಥ್ರೆಡ್ ಇದ್ದರೆ ಒಂದು ಪೂರ್ತಿ ಸುತ್ತಿಗೆ ಅಳತೆ 1 ಮಿ.ಮೀ. ಬದಲಾಗುತ್ತದೆ ಎಂಬುದು ನೆನಪಿದ್ದರೆ ಊಹೆಗೆ ಎಡೆಯಿರುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಗೇಜ್ ಇರುವ ಕೈಪಂಪಿನಿಂದ ಆಕ್ಚುಯೇಟರ್‌ಗೆ ನಿಧಾನವಾಗಿ ಗಾಳಿ ಕೊಟ್ಟು ರಾಡ್ ಯಾವ ಒತ್ತಡಕ್ಕೆ ಅಲುಗುತ್ತದೆ, ಎಷ್ಟಕ್ಕೆ ಪೂರ್ತಿ ಚಾಚುತ್ತದೆ ಎಂಬ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಗಾಳಿ ಹಾಗೇ ಬಿಟ್ಟರೆ ಗೇಜಿನ ಮುಳ್ಳು ಇಳಿಯಬಾರದು. ಇಳಿದರೆ ಸೋರಿಕೆ ಇದೆಯೆಂದೇ ಅರ್ಥ.

ಮೊದಲ ಓಟ ಕಂಟ್ರೋಲರ್ ಇಲ್ಲದೆ, ಸ್ಪ್ರಿಂಗ್ ಒಂದರ ಮೇಲೆಯೇ ನಡೆಯಲಿ. ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಅಥವಾ ಮುಚ್ಚಿದ ಟ್ರ್ಯಾಕಿನಲ್ಲಿ ಮೂರನೆಯ ಇಲ್ಲವೇ ನಾಲ್ಕನೆಯ ಗೇರಿನಲ್ಲಿ ಕೆಳಗಿನ ಆರ್‌ಪಿಎಂನಿಂದ ಮೇಲಕ್ಕೆ ಎಳೆಯುತ್ತಾ ಬೂಸ್ಟ್, ಗಾಳಿ ಮತ್ತು ಇಂಧನದ ಅನುಪಾತ, ಇಗ್ನಿಷನ್ ಟೈಮಿಂಗ್, ನಾಕಿಂಗ್ ಇವನ್ನು ಲಾಗ್ ಮಾಡಬೇಕು. ಬೂಸ್ಟ್ ನಿರೀಕ್ಷೆ ಮೀರಿದ ಕ್ಷಣವೇ ಕಾಲು ತೆಗೆಯಬೇಕು. ಲಾಗಿನಲ್ಲಿ ಬೇಸ್ ಬೂಸ್ಟ್ ರೇಖೆ ಸಮತಟ್ಟಾಗಿದೆ ಎಂದು ಕಂಡ ಮೇಲೆಯೇ ಕಂಟ್ರೋಲರ್ ಸೇರಿಸಿ, ಒಂದು ಸಲಕ್ಕೆ 0.1 ಬಾರ್‌ಗಿಂತ ಹೆಚ್ಚದಂತೆ ಏರಿಸುತ್ತಾ ಗುರಿಯತ್ತ ಸಾಗಬೇಕು. ಹೊಸ ಸ್ಪ್ರಿಂಗ್ ಕೆಲವು ಸಲ ಕಾದು ಆರಿದ ಮೇಲೆ ತುಸು ತಗ್ಗಿ ಕೂರುವುದುಂಟು. ಆದ್ದರಿಂದ ಸ್ವಲ್ಪ ದಿನ ಓಡಿಸಿದ ಬಳಿಕ ಕೈಪಂಪಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಮೊದಲು ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಪ್ರಿಲೋಡ್ ಸರಿಪಡಿಸಿದ ಮೇಲೆ ಅಂತಿಮ ಟ್ಯೂನಿಂಗ್ ಮಾಡಿಸಬೇಕು.